ಪಾರ್ಕಿಂಗ್ ಬಿಟ್ಟು ಲೆಕ್ಕ ಹಾಕಿದರೆ ನಡೆಯುತ್ತದಾ?

ಪ್ರಶ್ನೆ: ದೊಡ್ಡಬಳ್ಳಾಪುರ ರಸ್ತೆಯಲ್ಲಿ ನಮ್ಮ ಅಣ್ಣತಮ್ಮಂದಿರ ಮೂರು ಎಕರೆ ಜಮೀನಿದೆ. ಜಾಯಿಂಟ್ ಡೆವಲಪ್‌ಮೆಂಟ್‌ಗೆ (ಜಮೀನು ನಮ್ಮದು, ಕಟ್ಟುವುದು ಬಿಲ್ಡರ್) ಬಿಲ್ಡರ್ ಒಬ್ಬರ ಜೊತೆ ಮಾತುಕತೆ ನಡೆದಿದೆ. ನಾಲ್ಕು ಬ್ಲಾಕ್ ಅಪಾರ್ಟ್‌ಮೆಂಟ್, ಎಫ್‌ಎಆರ್ (ಜಮೀನಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ಲೆಕ್ಕದಲ್ಲಿ 17,800 ಚದರ ಮೀಟರ್. ಕೆಳಗೆ 5,200 ಚದರ ಮೀಟರ್ ಬೇಸ್‌ಮೆಂಟ್ ಪಾರ್ಕಿಂಗ್. '20,000 ಚದರ ಮೀಟರ್ ದಾಟಿಲ್ಲ, ಪರಿಸರ ಅನುಮತಿ ಬೇಡ' ಅನ್ನುತ್ತಾರೆ. ನಂಬಬಹುದೇ ಸರ್?

ಉತ್ತರ: ನಂಬಬೇಡಿ. ನೀವು ಕೊಟ್ಟ ಅಂಕಿಗಳು ಸರಿಯಿದ್ದರೆ ಅನುಮತಿ ಬೇಕೇ ಬೇಕು.

ತಪ್ಪಿರುವುದು ಎಫ್‌ಎಆರ್ ಹಿಡಿದು ಲೆಕ್ಕ ಹಾಕಿದ್ದರಲ್ಲಿ. ಪ್ಲಾನ್ ಮಂಜೂರು ಮಾಡುವಾಗ ಪಾರ್ಕಿಂಗ್ ಜಾಗವನ್ನು ಎಫ್‌ಎಆರ್‌ಗೆ ಸೇರಿಸುವುದಿಲ್ಲ, ನಿಜ. ಆದರೆ ಕೇಂದ್ರದ 2006ರ ಇಐಎ (ಪರಿಸರದ ಮೇಲಿನ ಪರಿಣಾಮ ಅಂದಾಜು) ಅಧಿಸೂಚನೆ ನೋಡುವುದು ಬಿಲ್ಟ್‌ಅಪ್ ಏರಿಯಾ. 2011ರ ತಿದ್ದುಪಡಿ ಅದನ್ನು ಬಿಡಿಸಿ ಹೇಳಿದೆ: ಎಲ್ಲ ಮಹಡಿ, ಬೇಸ್‌ಮೆಂಟ್, ಸರ್ವೀಸ್ ಜಾಗ ಎಲ್ಲವೂ ಸೇರಬೇಕು. ಅಂದಮೇಲೆ ನಿಮ್ಮದು 17,800 ಕೂಡಿಸು 5,200, ಒಟ್ಟು 23,000 ಚದರ ಮೀಟರ್. 20,000ದ ಮಿತಿ ದಾಟಿತು. ಕ್ಲಬ್‌ಹೌಸ್, ಜನರೇಟರ್ ರೂಮು, ಪಂಪ್ ರೂಮು ಇದರಲ್ಲಿ ಬಂದಿವೆಯೇ ಅಂತಲೂ ಕೇಳಿ. ಆರ್ಕಿಟೆಕ್ಟ್ ಹತ್ತಿರ ಮಹಡಿವಾರು ಏರಿಯಾ ಪಟ್ಟಿ ಇರುತ್ತದೆ. ಅದನ್ನೇ ತರಿಸಿಕೊಳ್ಳಿ, ಬಾಯಿಮಾತು ಬೇಡ. ಪಟ್ಟಿ ಚದರ ಅಡಿಯಲ್ಲಿದ್ದರೆ ಮಿತಿ ಸುಮಾರು 2.15 ಲಕ್ಷ ಚದರ ಅಡಿ.

'ಎರಡು ಬ್ಲಾಕ್ ಈಗ, ಎರಡು ಆಮೇಲೆ' ಅಂತ ಹೇಳಬಹುದು. ಅದಕ್ಕೂ ಒಪ್ಪಬೇಡಿ. ವಿಸ್ತರಣೆ ಮಾಡಿದಾಗ ಒಟ್ಟು ಏರಿಯಾ ಮಿತಿ ದಾಟಿದರೆ ಆಗಲೂ ಅನುಮತಿ ಬೇಕು. ಒಂದೇ ಜಮೀನು, ಒಂದೇ ರಸ್ತೆ, ಒಂದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇಟ್ಟುಕೊಂಡು ಎರಡು ಪ್ರಾಜೆಕ್ಟ್ ಅನ್ನುವುದು ಸರಿಯಲ್ಲ ಅಲ್ವಾ?

ನಿಯಮ ಕೇಂದ್ರದ್ದಾದರೂ ಇದಕ್ಕಾಗಿ ದೆಹಲಿಗೆ ಅಲೆಯಬೇಕಿಲ್ಲ. ಅರ್ಜಿ ಹಾಕುವುದು ಪರಿಸರ ಅನುಮತಿಗಾಗಿಯೇ ಇರುವ ಪರಿವೇಶ್ ಪೋರ್ಟಲ್‌ನಲ್ಲಿ. 20,000ದಿಂದ 1,50,000 ಚದರ ಮೀಟರ್ ಒಳಗಿನ ಕಟ್ಟಡಗಳು ಅಧಿಸೂಚನೆಯ 8(ಎ) ವರ್ಗಕ್ಕೆ ಬರುತ್ತವೆ, ತೀರ್ಮಾನಿಸುವುದು ಎಸ್‌ಇಐಎಎ ಎಂಬ ರಾಜ್ಯ ಮಟ್ಟದ ಪ್ರಾಧಿಕಾರ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಒಪ್ಪಿಗೆ ಪತ್ರ) ಬೇರೆಯೇ. ಅದನ್ನು ತೋರಿಸಿ 'ಪರಿಸರದ್ದು ಆಯ್ತು' ಅಂದರೆ ಸುಮ್ನೆ ತಲೆಯಾಡಿಸಬೇಡಿ.

ಬೋರ್‌ವೆಲ್ ನೀರನ್ನೇ ನಂಬಿರುವ ಆ ಭಾಗದಲ್ಲಿ ನೀರೆಲ್ಲಿಂದ, ಕೊಳಚೆ ಎಲ್ಲಿಗೆ ಅನ್ನುವ ಪ್ರಶ್ನೆಗೆ ಅಗೆಯುವ ಮೊದಲೇ ಉತ್ತರ ಸಿಗಬೇಕು. ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಜಮೀನು ನಿಮ್ಮದು, ಕಾಗದಗಳಲ್ಲಿ ನಿಮ್ಮ ಹೆಸರೂ ಇರುತ್ತದೆ. ಅನುಮತಿ ಪತ್ರ ಕೈಗೆ ಬರುವ ತನಕ ಬೇಲಿ, ಕಾವಲುಗಾರನ ಶೆಡ್ ಬಿಟ್ಟು ಬೇರೇನೂ ಮಾಡುವಂತಿಲ್ಲ, ಜೆಸಿಬಿ ಇಳಿಸುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆಸಿ.