ಆಟವಿಲ್ಲದ ತಿಂಗಳಲ್ಲೇ ಫೂಟಿ ಕ್ಲಬ್‌ನ ಬಾಗಿಲು ತಟ್ಟಿ

ನಮಸ್ಕಾರ. ನಿಮ್ಮ ಪತ್ರ ಓದಿದೆ: ಮೆಲ್ಬರ್ನ್‌ನ ಟಾರ್ನೀಟ್‌ಗೆ ಬಂದು ಮೂರು ತಿಂಗಳಾಯಿತು, ಮನೆ ಹತ್ತಿರದ ಓವಲ್ ಮೈದಾನದಲ್ಲಿ ಫೂಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ ಇದೆ, ಒಂಬತ್ತು ವರ್ಷದ ಮಗ ಸೇರುತ್ತೇನೆ ಅಂತ ಹಠ ಮಾಡುತ್ತಿದ್ದಾನೆ. ಆದರೆ ಸೀಸನ್ ಮುಗಿದಿದೆ, ಕ್ಲಬ್‌ನವರ ಸುದ್ದಿಯಲ್ಲಿ ಎಜಿಎಂ, ಕ್ಲಿಯರೆನ್ಸ್, ರೀ-ಸೈನ್, ವರ್ಕಿಂಗ್ ಬೀ ಅಂತೆಲ್ಲ ಬರುತ್ತಿದೆ, ಒಂದೂ ತಲೆಗೆ ಹೋಗುತ್ತಿಲ್ಲ. ಏಪ್ರಿಲ್‌ವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ.

ಕಾಯಬೇಡಿ. ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಮಾಗಿ ಉಳುಮೆ ಮಾಡುತ್ತಾರಲ್ಲ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಫೂಟಿ ಕ್ಲಬ್‌ನಲ್ಲಿ ನಡೆಯುವುದು ಅದೇ. ಯಾವ ವಯಸ್ಸಿನ ತಂಡಗಳನ್ನು ಕಟ್ಟಬೇಕು, ಕೋಚ್ ಯಾರು, ಕ್ಯಾಂಟೀನ್ ಯಾರು ನೋಡಿಕೊಳ್ಳುತ್ತಾರೆ ಎಂಬುದೆಲ್ಲ ಈ ಆರು ತಿಂಗಳಲ್ಲೇ ತೀರ್ಮಾನವಾಗುತ್ತದೆ. ಏಪ್ರಿಲ್‌ನಲ್ಲಿ ಹೋದರೆ ನಿಮ್ಮ ಮಗನ ವಯಸ್ಸಿನ ತಂಡ ಭರ್ತಿಯಾಗಿರಬಹುದು, ಅಥವಾ ಇಬ್ಬರು ಮೂವರು ಹುಡುಗರು ಕಡಿಮೆಯಾದರು ಎಂಬ ಕಾರಣಕ್ಕೆ ಆ ತಂಡವನ್ನೇ ಕೈಬಿಟ್ಟಿರಬಹುದು. ಈಗ ಹೆಸರು ಕೊಟ್ಟರೆ ಆ ಲೆಕ್ಕದಲ್ಲಿ ನಿಮ್ಮ ಹುಡುಗನೂ ಒಬ್ಬನಾಗುತ್ತಾನೆ.

ಮೊದಲು ಓವಲ್ ವಿಷಯ ಹೇಳುತ್ತೇನೆ, ಅದು ತಿಳಿದರೆ ಉಳಿದದ್ದು ಸುಲಭ. ಓವಲ್ ಕ್ಲಬ್‌ನ ಆಸ್ತಿಯಲ್ಲ, ಸಾಮಾನ್ಯವಾಗಿ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. ಬೇಸಿಗೆಗೆ ಕ್ರಿಕೆಟ್ ಕ್ಲಬ್‌ಗೆ, ಚಳಿಗಾಲಕ್ಕೆ ಫೂಟಿ ಕ್ಲಬ್‌ಗೆ ಕೊಡುತ್ತಾರೆ. ಅಕ್ಟೋಬರ್ ಬಂದರೆ ನಡುವೆ ಪಿಚ್ ತೆರೆಯುತ್ತದೆ, ಫೂಟಿಯವರು ಪಕ್ಕದ ಶಾಲೆಯ ಮೈದಾನಕ್ಕೋ ಸಣ್ಣ ಓವಲ್‌ಗೋ ಹೋಗುತ್ತಾರೆ. ಮಾರ್ಚ್‌ನಲ್ಲಿ ಕ್ರಿಕೆಟ್ ಫೈನಲ್‌ಗಳು ಮತ್ತು ಫೂಟಿಯ ಪ್ರ್ಯಾಕ್ಟೀಸ್ ಮ್ಯಾಚ್‌ಗಳು ಒಂದರ ಮೇಲೊಂದು ಬೀಳುತ್ತವೆ, ಜೊತೆಗೆ ಹುಲ್ಲಿನ ದುರಸ್ತಿಗೆ ಮೈದಾನ ಮುಚ್ಚುವುದೂ ಉಂಟು. ಅದಕ್ಕೇ ತರಬೇತಿಯ ಜಾಗ ಪದೇ ಪದೇ ಬದಲಾಗುತ್ತದೆ. ಕ್ಲಬ್‌ನವರ ಅವ್ಯವಸ್ಥೆ ಎಂದು ತಿಳಿಯಬೇಡಿ. ಹೊರಡುವ ಮುಂಚೆ ಅವತ್ತಿನ ಸಂದೇಶ ನೋಡಿಕೊಳ್ಳಿ. ನಮಗೆ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ಈ ಆಟ ಹುಟ್ಟಿದ್ದೇ ಕ್ರಿಕೆಟಿಗರಿಂದ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರ ಜುಲೈನಲ್ಲಿ ಮೆಲ್ಬರ್ನ್‌ನ ಪತ್ರಿಕೆಯೊಂದಕ್ಕೆ ಬರೆದ. ಮರುವರ್ಷ, 1859ರ ಮೇ 17ರಂದು, ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್‌ನ ಕೆಲವರು ಕೂತು ಮೊದಲ ನಿಯಮಗಳನ್ನು ಬರೆದರು.

ಈಗ ಆ ಸುದ್ದಿಗಳನ್ನು ಬಿಡಿಸೋಣ.

ಎಜಿಎಂ ಎಂದರೆ ವಾರ್ಷಿಕ ಸಭೆ. ವಿಕ್ಟೋರಿಯಾದ ಹೆಚ್ಚಿನ ಸ್ಥಳೀಯ ಕ್ಲಬ್‌ಗಳು ನೋಂದಾಯಿತ ಸಂಘಗಳು. ಹಣಕಾಸು ವರ್ಷ ಮುಗಿದ 5 ತಿಂಗಳೊಳಗೆ ಈ ಸಭೆ ನಡೆಸಲೇಬೇಕು ಎಂದು ಕಾನೂನಿದೆ. ಎಷ್ಟೋ ಫೂಟಿ ಕ್ಲಬ್‌ಗಳು ಅಕ್ಟೋಬರ್‌ಗೇ ಲೆಕ್ಕ ಮುಗಿಸಿ ನವೆಂಬರ್ ಹೊತ್ತಿಗೆ ಸಭೆ ಕರೆಯುತ್ತವೆ. ಮತ ಹಾಕುವ ಹಕ್ಕು ಸದಸ್ಯರಿಗೆ ಮಾತ್ರ, ಆದರೆ ಹೊಸಬರು ಬಂದು ಕೂತರೆ ಯಾರೂ ಬೇಡ ಅನ್ನುವುದಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಗಳಿಗೂ ಇದೇ ತಿಂಗಳು, ಹಾಗಾಗಿ ದಿನ ಈಗಲೇ ಗುರುತು ಹಾಕಿಕೊಳ್ಳಿ. ಅಲ್ಲಿ ಜೂನಿಯರ್ ಕೋಆರ್ಡಿನೇಟರ್ ಯಾರು ಎಂದು ಕೇಳಿ ಅವರನ್ನು ಮಾತಾಡಿಸಿ. ನಿಮ್ಮ ಮಗನ ಮಟ್ಟಿಗೆ ಅಧ್ಯಕ್ಷರಿಗಿಂತ ಅವರೇ ಮುಖ್ಯ. ಒಂದು ಎಚ್ಚರಿಕೆ: ಐಟಿಯವರು, ಲೆಕ್ಕ ಗೊತ್ತಿರುವವರು ಎಂದು ತಿಳಿದರೆ ಖಜಾಂಚಿ ಕೆಲಸವನ್ನು ಮೊದಲ ದಿನವೇ ಮುಂದಿಡುತ್ತಾರೆ. ಒಂದು ಸೀಸನ್ ಪೂರ್ತಿ ನೋಡದೆ ಒಪ್ಪಿಕೊಳ್ಳಬೇಡಿ. ಬಾರ್, ಕ್ಯಾಂಟೀನ್, ಪ್ರಾಯೋಜಕರು, ಆಟಗಾರರ ಪಾವತಿ ಎಲ್ಲ ಸೇರಿ ಅದು ವಾರಕ್ಕೆ ಹಲವು ಸಂಜೆ ಕೂತು ಮಾಡುವ ಕೆಲಸ.

ರೀ-ಸೈನ್ ಆದರು ಎಂದರೆ ಕೋಚ್ ಅಥವಾ ಆಟಗಾರ ಮುಂದಿನ ವರ್ಷಕ್ಕೂ ಇರುತ್ತಾರೆ ಎಂದರ್ಥ. ಇಂಗ್ಲಿಷ್‌ನಲ್ಲಿ ನಡುವಿನ ಅಡ್ಡಗೆರೆ ಬಿಟ್ಟು ಬರೆದರೆ ಅದೇ ಪದ ರಾಜೀನಾಮೆ ಆಗಿಬಿಡುತ್ತದೆ, ಅವಸರದಲ್ಲಿ ಓದಬೇಡಿ. ಕ್ಲಿಯರೆನ್ಸ್ ಎಂದರೆ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ವರ್ಗಾವಣೆ. ನಿಮ್ಮ ಮಗ ಈವರೆಗೆ ಎಲ್ಲೂ ನೋಂದಣಿಯಾಗಿಲ್ಲವಾದ್ದರಿಂದ ಅವನಿಗೆ ಇದು ಬೇಡ, ಪ್ಲೇಎಚ್‌ಕ್ಯೂ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹೊಸ ನೋಂದಣಿ ಮಾಡಿದರೆ ಸಾಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಜನ್ಮದಿನಾಂಕವನ್ನೇ ಕೊಡಿ. ಮೊದಲ ಹೆಸರು, ಸರ್‌ನೇಮ್ ಅದಲುಬದಲಾಗುವುದು ನಮ್ಮವರಲ್ಲಿ ಸಾಮಾನ್ಯ. ಮುಂದಿನ ವರ್ಷ ಬೇರೆ ಥರ ಬರೆದರೆ ಒಂದೇ ಮಗುವಿಗೆ ಎರಡು ಖಾತೆಯಾಗಿ, ಹಳೆಯ ದಾಖಲೆ ಹೊಸದಕ್ಕೆ ಸೇರುವುದಿಲ್ಲ.

ಹೊಸ ಆಟಗಾರರ ಪಟ್ಟಿ ನೋಡಿದಾಗ ಕ್ಲಬ್ ಯಾಕೆ ಇಷ್ಟೇ ಜನರನ್ನು ಕರೆತಂದಿತು ಅನ್ನಿಸಬಹುದು. ವಿಕ್ಟೋರಿಯಾದ ಸ್ಥಳೀಯ ಲೀಗ್‌ಗಳಲ್ಲಿ ಸೀನಿಯರ್ ಆಟಗಾರರಿಗೆ ಪಾಯಿಂಟ್ ಪದ್ಧತಿ ಇದೆ. ಆ ಕ್ಲಬ್‌ನಲ್ಲೇ ಬೆಳೆದ ಹುಡುಗನಿಗೆ 1 ಪಾಯಿಂಟ್, ಮೇಲಿನ ಹಂತದಲ್ಲಿ ಆಡಿ ಬಂದವರಿಗೆ ಹೆಚ್ಚು. ಮೈದಾನಕ್ಕಿಳಿಯುವ ತಂಡದ ಒಟ್ಟು ಪಾಯಿಂಟ್ ಲೀಗ್ ಕೊಟ್ಟ ಮಿತಿ ದಾಟುವಂತಿಲ್ಲ. ದುಡ್ಡಿರುವ ಕ್ಲಬ್ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದು ಎಂಬುದು ಇದರ ಉದ್ದೇಶ, ಆಟಗಾರರ ಪಾವತಿಗೂ ಹೀಗೇ ಮಿತಿ ಇದೆ. ಇದರಿಂದ ನಿಮಗೇನು ಎಂದರೆ, ಇಂದು ಬರುವ ಒಂಬತ್ತು ವರ್ಷದ ಹುಡುಗ ಹತ್ತು ವರ್ಷದ ಮೇಲೆ ಅದೇ ಕ್ಲಬ್‌ಗೆ 1 ಪಾಯಿಂಟ್‌ನ ಆಟಗಾರನಾಗುತ್ತಾನೆ. ಮನಸ್ಸಿಟ್ಟು ನಡೆಸುವ ಕ್ಲಬ್ ಜೂನಿಯರ್‌ಗಳನ್ನು ಹೊರೆ ಎಂದು ನೋಡುವುದೇ ಇಲ್ಲ.

ವರ್ಕಿಂಗ್ ಬೀ ಎಂದರೆ ಶ್ರಮದಾನ. ಶನಿವಾರ ಬೆಳಿಗ್ಗೆ ಸೇರಿ ಡ್ರೆಸ್ಸಿಂಗ್ ರೂಮಿಗೆ ಬಣ್ಣ, ಬೇಲಿಯ ಬೋರ್ಡ್‌ಗಳ ಅಳವಡಿಕೆ, ಸ್ಟೋರ್ ರೂಮ್ ಸ್ವಚ್ಛ ಮಾಡುವುದು. ಕೈಗವಸು, ಟೋಪಿ, ಸನ್‌ಸ್ಕ್ರೀನ್ ತೆಗೆದುಕೊಂಡು ಹೋಗಿ. ಪರಿಚಯ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಬಾರ್‌ನಲ್ಲಿ ನಿಂತು ಆಡುವ ಮಾತಿಗಿಂತ ಜೊತೆಗೆ ಬ್ರಷ್ ಹಿಡಿದು ಆಡುವ ಮಾತು ಹೊಸಬರಿಗೆ ಸಲೀಸು. ಕುಡಿಯದವರು ಲೆಮನ್ ಸ್ಕ್ವಾಶ್ ಹಿಡಿದು ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆಮಂತ್ರಣದಲ್ಲಿ ‘ಬ್ರಿಂಗ್ ಎ ಪ್ಲೇಟ್’ ಎಂದಿದ್ದರೆ ಹಂಚಿಕೊಳ್ಳಲು ಒಂದು ತಿಂಡಿ ತನ್ನಿ ಎಂದರ್ಥ. ಚಿತ್ರಾನ್ನ ಒಯ್ಯುವುದಾದರೆ ಕಡಲೆಬೀಜ, ಗೋಡಂಬಿ ಎರಡನ್ನೂ ಬಿಟ್ಟು ಮಾಡಿ. ಇಲ್ಲಿ ನಟ್ ಅಲರ್ಜಿ ಇರುವ ಮಕ್ಕಳು ಬಹಳ, ಕೆಲವರಿಗೆ ಅದು ಪ್ರಾಣಾಂತಿಕ. ಗರಿಗರಿ ಬೇಕೆಂದರೆ ಕಡಲೆಬೇಳೆ, ಉದ್ದಿನಬೇಳೆ ಒಗ್ಗರಣೆಯೇ ಸಾಕು. ಪಾತ್ರೆಯ ಮೇಲೆ ಏನೇನು ಹಾಕಿದೆ ಎಂದು ಚೀಟಿ ಅಂಟಿಸಿ. ಇನ್ನು ಸಸ್ಯಾಹಾರಿಗಳಿಗೆ ಒಂದು ಮಾತು: ಬ್ರೇಕ್‌ನಲ್ಲಿ ಮಕ್ಕಳಿಗೆ ಕಿತ್ತಳೆ ಹೋಳಿನ ಜೊತೆ ಹಾವಿನಾಕಾರದ ಜೆಲ್ಲಿ ಮಿಠಾಯಿ ಹಂಚುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಟೀಮ್ ಮ್ಯಾನೇಜರ್‌ಗೆ ಮೊದಲೇ ಹೇಳಿದರೆ ಮಗನಿಗೆ ಕಿತ್ತಳೆ ಮಾತ್ರ ಕೊಡುತ್ತಾರೆ.

ಮಗನಿಗೆ ಈ ಬೇಸಿಗೆಯಲ್ಲಿ ಕಲಿಸಬಹುದಾದ್ದು ಎರಡು ಕೌಶಲ್ಯ: ಡ್ರಾಪ್ ಪಂಟ್ ಎಂಬ ಒದೆತ ಮತ್ತು ಹ್ಯಾಂಡ್‌ಬಾಲ್ ಎಂಬ ಕೈಪಾಸ್. ಅವನ ವಯಸ್ಸಿನ ಸೈಜಿನ ಚೆಂಡು ಯಾವುದೆಂದು ಕ್ಲಬ್‌ನಲ್ಲಿ ಕೇಳಿ ಕೊಳ್ಳಿ. ದೊಡ್ಡವರ 5ನೇ ಸೈಜ್ ಕೊಟ್ಟರೆ ಪುಟ್ಟ ಕೈಗೆ ಸಿಕ್ಕುವುದಿಲ್ಲ, ತಪ್ಪು ಹಿಡಿತವೇ ರೂಢಿಯಾಗುತ್ತದೆ. ಬಲಗಾಲಿನವನಾದರೆ ಮೊಟ್ಟೆಯಾಕಾರದ ಈ ಚೆಂಡನ್ನು ಸೊಂಟದ ಮಟ್ಟದಲ್ಲಿ, ಬಲತೊಡೆಯ ನೇರಕ್ಕೆ, ನೆಟ್ಟಗೆ ಹಿಡಿಯಬೇಕು. ಎರಡೂ ಬದಿಯಲ್ಲಿ ಬೆರಳು ಬಿಡಿಸಿ ಹಿಡಿದು, ಒದೆಯುವಾಗ ಎಡಗೈ ಮೊದಲು ಬಿಟ್ಟು ಬಲಗೈಯಿಂದಲೇ ಕಾಲಿನತ್ತ ಇಳಿಸಬೇಕು. ಬೆರಳತುದಿ ಚಾಚಿದ ಪಾದದ ಮೇಲ್ಭಾಗ ಚೆಂಡಿನ ಕೆಳತುದಿಗೆ ತಾಗಿದರೆ ಚೆಂಡು ಹಿಂದಕ್ಕೆ ಉರುಳುತ್ತಾ ನೇರ ಹೋಗುತ್ತದೆ. ಅಡ್ಡಾದಿಡ್ಡಿ ಹೋದರೆ ಕಾಲನ್ನು ದೂರಬೇಡಿ, ಕೈ ನೋಡಿ. ಹತ್ತಕ್ಕೆ ಒಂಬತ್ತು ಸಲ ಚೆಂಡನ್ನು ಮೇಲಕ್ಕೆ ಎಸೆದು ಒದ್ದಿರುತ್ತಾನೆ, ಅಥವಾ ಎತ್ತರದಿಂದ ಬಿಟ್ಟಿರುತ್ತಾನೆ. ಬೀಳುವ ದೂರ ಹೆಚ್ಚಾದಷ್ಟೂ ಚೆಂಡು ವಾಲಲು ಸಮಯ ಸಿಗುತ್ತದೆ. ಹತ್ತು ಮೀಟರ್‌ನಿಂದ ಶುರು ಮಾಡಿ. ಹ್ಯಾಂಡ್‌ಬಾಲ್‌ಗೆ ಒಂದು ಅಂಗೈಯಲ್ಲಿ ಚೆಂಡು ಇಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಕ್ರಿಕೆಟ್ ಆಡಿದ ಮಕ್ಕಳು ಅವಸರದಲ್ಲಿ ಎಸೆದುಬಿಡುತ್ತಾರೆ, ಎಸೆದರೆ ಫ್ರೀ ಕಿಕ್ ಎದುರಾಳಿಗೆ.

ಹೊಡೆದಾಟದ ಆಟ ಅಲ್ಲವೇ ಎಂಬ ನಿಮ್ಮ ಭಯ ಸಹಜ. ತೀರ ಚಿಕ್ಕವರಿಗೆ ಟ್ಯಾಕಲ್ (ಎದುರಾಳಿಯನ್ನು ಹಿಡಿದು ತಡೆಯುವುದು) ಇಲ್ಲ, ವಯಸ್ಸು ಹೆಚ್ಚಿದಂತೆ ಹಂತಹಂತವಾಗಿ ಬರುತ್ತದೆ. ಆದರೂ ಮೌತ್‌ಗಾರ್ಡ್ ಇಲ್ಲದೆ ತರಬೇತಿಗೂ ಕಳಿಸಬೇಡಿ. ಕೆಮಿಸ್ಟ್‌ನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚಿ ಅಳತೆ ಮಾಡಿಕೊಳ್ಳುವಂಥದ್ದು ನಡೆಯುತ್ತದೆ, ದಂತವೈದ್ಯರು ಅಚ್ಚು ತೆಗೆದು ಮಾಡಿದ್ದು ಇನ್ನೂ ಒಳ್ಳೆಯದು. ಹಲ್ಲು ಬೀಳುವ ವಯಸ್ಸಾದ್ದರಿಂದ ಪ್ರತಿ ಸೀಸನ್ ಹೊಸದು ಬೇಕಾಗಬಹುದು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಆ ದಿನ ಮತ್ತೆ ಆಡಿಸುವಂತಿಲ್ಲ. ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆಘಾತ) ಆಗಿದ್ದರೆ ಕನಿಷ್ಠ 21 ದಿನ ಪಂದ್ಯವಿಲ್ಲ, ವೈದ್ಯರ ಒಪ್ಪಿಗೆಯೂ ಬೇಕು. ಮಗು ಚೆನ್ನಾಗಿದ್ದಾನೆ ಎಂದು ಈ ದಿನಗಳನ್ನು ಕಡಿಮೆ ಮಾಡಲು ಕೇಳಲೇಬೇಡಿ, ಶಾಲೆಗೂ ಕ್ರಿಕೆಟ್ ಕೋಚ್‌ಗೂ ಹೇಳಿ.

ದುಡ್ಡಿನ ವಿಷಯದಲ್ಲಿ ಶುಲ್ಕಕ್ಕಿಂತ ವಿಮೆಯಲ್ಲಿ ನಮ್ಮವರು ಎಡವುತ್ತಾರೆ. ನೋಂದಣಿ ಜೊತೆ ಬರುವ ವಿಮೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ) ಪಟ್ಟಿಯಲ್ಲಿರುವ ಚಿಕಿತ್ಸೆಯ ಖರ್ಚು ಕೊಡುವುದಿಲ್ಲ, ಕಾನೂನೇ ಅದಕ್ಕೆ ಅಡ್ಡ. ತಾತ್ಕಾಲಿಕ ವೀಸಾದಲ್ಲಿದ್ದು ಮೆಡಿಕೇರ್ ಇಲ್ಲದಿದ್ದರೆ ವೈದ್ಯರು, ಎಕ್ಸ್‌ರೇ ಎಲ್ಲ ನಿಮ್ಮ ಖಾಸಗಿ ಆರೋಗ್ಯ ವಿಮೆಯಿಂದಲೇ ಆಗಬೇಕು. ಆಂಬುಲೆನ್ಸ್ ಖರ್ಚನ್ನು ಮೆಡಿಕೇರ್ ಕೂಡ ಕೊಡುವುದಿಲ್ಲ, ಒಂದು ಸಲ ಕರೆಸಿದರೆ ಬಿಲ್ಲು ಸಾವಿರ ಡಾಲರ್ ದಾಟುತ್ತದೆ. ನಿಮ್ಮ ವಿಮೆಯಲ್ಲಿ ಆಂಬುಲೆನ್ಸ್ ಸೇರಿದೆಯೇ ನೋಡಿ. ಇಲ್ಲದಿದ್ದರೆ ಆಂಬುಲೆನ್ಸ್ ವಿಕ್ಟೋರಿಯಾದ ಕುಟುಂಬ ಸದಸ್ಯತ್ವ ಪಡೆಯಿರಿ. ಶುಲ್ಕ ಕ್ಲಬ್‌ನಿಂದ ಕ್ಲಬ್‌ಗೆ ಬೇರೆ. ಶಾರ್ಟ್ಸ್, ಸಾಕ್ಸ್ ಅದರಲ್ಲೇ ಬರುತ್ತವೆಯೇ, ಜಂಪರ್ ಸ್ವಂತದ್ದೋ ಸೀಸನ್ ಮುಗಿದ ಮೇಲೆ ಹಿಂದಿರುಗಿಸಬೇಕೋ, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿ. ಇಲ್ಲಿ ಜಂಪರ್ ಎಂದರೆ ಆಟದ ಅಂಗಿ, ಸ್ವೆಟರ್ ಅಲ್ಲ.

ಸ್ವಯಂಸೇವಕರಾಗಲು ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಕೇಳುತ್ತಾರೆ, ಅಂದರೆ ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆಯ ತಪಾಸಣೆ. ಸ್ವಯಂಸೇವಕರಿಗೆ ಅರ್ಜಿ ಉಚಿತ, 5 ವರ್ಷ ನಡೆಯುತ್ತದೆ, ಆದರೆ ಆ ಕಾರ್ಡ್ ಸಂಬಳದ ಕೆಲಸಕ್ಕೆ ಬಾರದು. ಅರ್ಜಿಯಲ್ಲಿ ಕ್ಲಬ್‌ನ ಹೆಸರು ಸೇರಿಸುವುದನ್ನು ಮರೆಯಬೇಡಿ. ಈಗಲೇ ಹಾಕಿದರೆ ಮಾರ್ಚ್‌ನ ನೂಕುನುಗ್ಗಲು ತಪ್ಪುತ್ತದೆ.

ನಿಮ್ಮ ಯಜಮಾನರಿಗೆ ಆಟ ಬೇಗ ಅರ್ಥವಾಗಬೇಕೆಂದರೆ ಗೋಲ್ ಅಂಪೈರ್ ಆಗಲು ಹೇಳಿ. ಪೋಷಕರೇ ಮಾಡುವ ಕೆಲಸ ಅದು. ನಾಲ್ಕು ಕಂಬ: ನಡುವಿನ ಎತ್ತರದ ಎರಡರ ಮಧ್ಯೆ ಒದ್ದು ಹಾಕಿದರೆ ಗೋಲ್, 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ದಾರಿಯಲ್ಲಿ ಯಾರ ಕೈಯಾದರೂ ತಾಗಿದ್ದರೆ ಗೋಲ್ ಅಲ್ಲ. ಫೀಲ್ಡ್ ಅಂಪೈರ್ ‘ಆಲ್ ಕ್ಲಿಯರ್’ ಎಂದ ಮೇಲೆಯೇ ಗೋಲ್‌ಗೆ ಎರಡು ತೋರುಬೆರಳು, ಬಿಹೈಂಡ್‌ಗೆ ಒಂದು. ಆಮೇಲೆ ಅಷ್ಟೇ ಬಾವುಟ ಬೀಸಬೇಕು. ಆಚೆ ತುದಿಯವರು ತಿರುಗಿ ಬೀಸುವುದನ್ನು ನೋಡಿಯೇ ಸ್ಕೋರ್ ಕಾರ್ಡ್‌ನಲ್ಲಿ ಗುರುತು ಹಾಕಬೇಕು. ಅವರು ಗಮನಿಸದೆ ಹೋದರೆ ಎರಡು ಕಾರ್ಡ್‌ಗಳ ಲೆಕ್ಕ ಹೊಂದುವುದಿಲ್ಲ, ಅದಕ್ಕೇ ಪ್ರತಿ ಕ್ವಾರ್ಟರ್ ಮುಗಿದಾಗ ಇಬ್ಬರೂ ತಾಳೆ ನೋಡುತ್ತಾರೆ. ಸ್ಕೋರ್ 10.8, 68 ಎಂದಿದ್ದರೆ 10 ಗೋಲ್, 8 ಬಿಹೈಂಡ್, ಒಟ್ಟು 68.

ಈ ವಾರವೇ ಕ್ಲಬ್‌ಗೆ ನಾಲ್ಕು ಸಾಲಿನ ಇಮೇಲ್ ಹಾಕಿ: ಮಗ ಹುಟ್ಟಿದ ವರ್ಷ (ವಯಸ್ಸಿನ ಗುಂಪು ಅದರ ಮೇಲೆಯೇ), ಹಿಂದೆ ಆಡಿಲ್ಲ ಎಂಬುದು, ಮನೆ ಯಾವ ಸಬರ್ಬ್‌ನಲ್ಲಿದೆ, ಮತ್ತು ನೀವಿಬ್ಬರೂ ಯಾವ ಕೆಲಸಕ್ಕೆ ಕೈಜೋಡಿಸಬಲ್ಲಿರಿ. ಕ್ರಿಸ್‌ಮಸ್ ಹೊತ್ತಿಗೆ ಕಮಿಟಿಯವರೆಲ್ಲ ರಜೆ ಹೋಗುತ್ತಾರೆ, ಜನವರಿಯ ಮಧ್ಯದವರೆಗೆ ಉತ್ತರ ಬರದಿದ್ದರೆ ಬೇಡವೆಂದರು ಎಂದುಕೊಳ್ಳಬೇಡಿ, ಆಗ ಇನ್ನೊಮ್ಮೆ ಬರೆಯಿರಿ. ಜಂಪರ್ ಆರ್ಡರ್ ಕೇಳಿದಾಗ ಒಂದು ಸೈಜ್ ದೊಡ್ಡದು ಹೇಳಿ. ಈಗ ಅಳತೆ ಕೊಟ್ಟರೂ ಅವನು ತೊಡುವುದು ಏಪ್ರಿಲ್‌ನಲ್ಲಿ, ಅದೂ ಒಳಗೆ ಥರ್ಮಲ್ ಹಾಕಿಕೊಂಡು.