ಟೆಕ್ಸಾಸ್‌ನಲ್ಲಿ ಎಚ್‌ಒಎಗೆ (ಬಡಾವಣೆಯ ಮನೆ ಮಾಲೀಕರ ಸಂಘ) ಹೇಳದೆ ಲಾನ್ ಕಿತ್ತು ಸ್ಥಳೀಯ ಗಿಡ ಹಾಕಬಹುದಾ? ಕಾನೂನು ನಮ್ಮ ಪರ ಇದೆಯಲ್ಲ?

ಇದೆ. ಅದನ್ನು ನಂಬಿಯೇ ನಾನು ದಂಡ ಕಟ್ಟಿದ್ದು.

ಆಸ್ಟಿನ್ ಹತ್ತಿರ ಮನೆ ತಗೊಂಡೆವು. ಮುಂದಿನ ಸೇಂಟ್ ಅಗಸ್ಟೀನ್ ಹುಲ್ಲಿಗೆ ನೀರು ಹಾಯಿಸಿ ಹಾಯಿಸಿ ಸಾಕಾಗಿತ್ತು. ಟೆಕ್ಸಾಸ್‌ನ ಆಸ್ತಿ ಕಾನೂನಿನ (ಪ್ರಾಪರ್ಟಿ ಕೋಡ್) ಸೆಕ್ಷನ್ 202.007ಕ್ಕೆ 2013ರಲ್ಲಿ ಮಾಡಿದ ತಿದ್ದುಪಡಿ ಕಣ್ಣಿಗೆ ಬಿತ್ತು: ಬರ ತಾಳುವ ಗಿಡಗಳನ್ನು ಎಚ್‌ಒಎ ನಿಷೇಧಿಸುವಂತಿಲ್ಲ. ಇನ್ನೇನು ಬೇಕು! ಹುಲ್ಲು ಕಿತ್ತೆ. ಟರ್ಕ್ಸ್ ಕ್ಯಾಪ್ ನೆಟ್ಟೆ (ದಾಸವಾಳದ ಸಂಬಂಧಿ, ಆದ್ರೆ ಹೂವು ಪೂರ್ತಿ ಬಿರಿಯುವುದೇ ಇಲ್ಲ). ರಸ್ತೆ ಅಂಚಿಗೆ ಬ್ಲೂಬಾನೆಟ್ (ಟೆಕ್ಸಾಸ್‌ನ ನೀಲಿ ಕಾಡುಹೂವು) ಬೀಜ ಚೆಲ್ಲಿದೆ.

ಅದೇ ಸೆಕ್ಷನ್ನಿನ ಕೆಳಭಾಗ ಮಾತ್ರ ಓದಲಿಲ್ಲ. ನೆಡುವ ಮುಂಚೆ ವಿವರವಾದ ಪ್ಲಾನ್ ಕೊಡಿ ಎಂದು ಎಚ್‌ಒಎ ಕೇಳಬಹುದು, ಬಡಾವಣೆಯ ಉಳಿದ ತೋಟಗಳಿಗೆ ಹೊಂದುತ್ತದಾ ಎಂದು ನೋಡಬಹುದು ಅಂತ ಅಲ್ಲೇ ಇದೆ. ಸುಮ್‌ಸುಮ್ನೆ ತಿರಸ್ಕರಿಸುವಂತಿಲ್ಲ, ಅಷ್ಟೇ. ಬ್ಲೂಬಾನೆಟ್ ಹೂ ಮುಗಿದ ಮೇಲೂ ಗಿಡ ಹಾಗೇ ಬಿಡಬೇಕು. ಕಾಯಿ ಒಣಗಿ ಪಟ್ ಅಂತ ಸಿಡಿದರೇ ಮುಂದಿನ ವರ್ಷಕ್ಕೆ ಬೀಜ. ಗೊತ್ತಿಲ್ಲದವರ ಕಣ್ಣಿಗೆ ಆಗ ಅದು ಒಣಗಿದ ಕಳೆ. ನೋಟಿಸ್ ಬಂತು. ಅದರಲ್ಲಿ ಗಿಡದ ಬಗ್ಗೆ ತಕರಾರೇ ಇಲ್ಲ, ‘ಅನುಮತಿ ಪಡೆದಿಲ್ಲ’ ಅಂತ ಮಾತ್ರ. 30 ದಿನದೊಳಗೆ ಹಿಯರಿಂಗ್ ಕೇಳಬಹುದಿತ್ತು. ಅದು ಬಿಟ್ಟು, ಕಾನೂನಿನ ನನಗೆ ಬೇಕಾದ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ ಮೇಲ್ ಬರೆದೆ. ಉತ್ತರ ಬರಲಿಲ್ಲ, ದಂಡ ಬಂತು. ಕಾಯಿ ಬಲಿಯುವ ಮೊದಲೇ ಗಿಡ ಕೀಳಬೇಕಾಯ್ತು.

ಆಮೇಲೆ ಮನೆಯ ಸರ್ವೆ ನಕ್ಷೆಯ ಜೆರಾಕ್ಸ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪ್ರತಿ ಗಿಡದ ಹೆಸರು, ಬೆಳೆದಾಗಿನ ಎತ್ತರ ಬರೆದು, ಫೋಟೊ ಅಂಟಿಸಿ, ಅಂಚಿಗೆ ಕಲ್ಲು ಜೋಡಿಸುತ್ತೇನೆ ಅಂತ ಸೇರಿಸಿ ಕೊಟ್ಟೆ. ಒಪ್ಪಿದರು. ಅವೇ ಗಿಡಗಳು ಸ್ವಾಮಿ!

ಇನ್ನು, ‘ಸ್ಥಳೀಯ ಗಿಡಕ್ಕೆ ಕಾನೂನಿನ ರಕ್ಷಣೆ’ ಅನ್ನೋದನ್ನು ತಲೆಯಿಂದ ತೆಗೀರಿ. ಈ ಸೆಕ್ಷನ್ ನೋಡೋದು ಬರ ತಾಳುತ್ತದಾ ಅಂತ. ಹೊಳೆ ದಂಡೆಯಲ್ಲಿ ಬೆಳೆಯುವ, ಜಾಸ್ತಿ ನೀರು ಕುಡಿಯುವ ಸ್ಥಳೀಯ ಗಿಡಕ್ಕೆ ಇದು ನೆರವಾಗದು. ನಗರದ ನಿಯಮ ಬೇರೆಯೇ ಇರುತ್ತದೆ: ಆಸ್ಟಿನ್ ಒಳಗೆ ಹುಲ್ಲು, ಕಳೆ 12 ಇಂಚು ದಾಟಬಾರದು. ಅದಕ್ಕೇ ನೆಟ್ಟಿದ್ದು ನೆಟ್ಟ ಹಾಗೆ ಕಾಣಬೇಕು, ಅಂಚು ಮುಖ್ಯ.

ಬ್ಲೂಬಾನೆಟ್ ಬಿತ್ತೋದು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. ಬೇಸಿಗೆಯಲ್ಲೇ ಅರ್ಜಿ ಹಾಕಿಬಿಡಿ.