ಜೈಲ್ ವಾರ್ಡರ್ ಅಥವಾ ಜೈಲರ್ ಆಗಲು ಏನೇನು ಬೇಕು? ಒಳಗೆ ಕೆಲಸ ಹೇಗಿರುತ್ತದೆ?

ಡಿಗ್ರಿ ಮುಗಿಸಿ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ, ಕಾರಾಗೃಹ ಇಲಾಖೆಗೂ ಅರ್ಜಿ ಹಾಕುವ ಮನಸ್ಸಿದೆ, ಆದರೆ ಮನೆಯಲ್ಲಿ ಬೇಡ ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ರಾಜ್ಯದ ಒಂದು ಕೇಂದ್ರ ಕಾರಾಗೃಹಕ್ಕೆ ವಾರ್ಡರ್ ಆಗಿ ಸೇರಿದವನು, ಈಗ ಮುಖ್ಯ ವಾರ್ಡರ್. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಅರ್ಹತೆಯ ಮಾತು ಬೇಗ ಮುಗಿಯುತ್ತದೆ. ವಾರ್ಡರ್ ಅಂದರೆ ಬ್ಯಾರಕ್ ಕಾಯುವ ಸಿಬ್ಬಂದಿ, ಜೈಲರ್ ಅವರ ಮೇಲಿನ ಅಧಿಕಾರಿ. ವಾರ್ಡರ್ ಹುದ್ದೆಗೆ ಎಸ್ಸೆಸ್ಸೆಲ್ಸಿ, ಜೈಲರ್ ಹುದ್ದೆಗೆ ಪದವಿ. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಮತ್ತು ಸಹಿಷ್ಣುತೆ ಪರೀಕ್ಷೆ, ವೈದ್ಯಕೀಯ ತಪಾಸಣೆ, ಕೊನೆಗೆ ಪೂರ್ವಾಪರ ಪರಿಶೀಲನೆ. ಕಾನ್‌ಸ್ಟೇಬಲ್ ಹುದ್ದೆಗೆಂದು ಓದುತ್ತಿರುವುದು, ಬೆಳಿಗ್ಗೆ ಎದ್ದು ಓಡುತ್ತಿರುವುದು ಯಾವುದೂ ವ್ಯರ್ಥವಾಗುವುದಿಲ್ಲ. ನೀವು ಪದವೀಧರರಾದ್ದರಿಂದ ಎರಡಕ್ಕೂ ಹಾಕಿ. ಜೈಲರ್ ಹುದ್ದೆಗಳು ಯಾವಾಗಲೂ ಕಡಿಮೆ. ಅದನ್ನೇ ಕಾಯುತ್ತ ವಾರ್ಡರ್ ಅವಕಾಶ ಬಿಡಬೇಡಿ. ಬೆಂಗಳೂರಿನ ಪರಪ್ಪನ ಅಗ್ರಹಾರವೇ ಸಿಗಬೇಕೆಂದೇನಿಲ್ಲ. ಬೆಳಗಾವಿಯ ಹಿಂಡಲಗಾ, ಕಲಬುರಗಿ, ಬಳ್ಳಾರಿ, ಶಿವಮೊಗ್ಗ, ಇಲ್ಲವೇ ಯಾವುದೋ ಜಿಲ್ಲಾ ಕಾರಾಗೃಹ, ಎಲ್ಲಿಗೆ ಹಾಕಿದರೂ ಹೋಗಬೇಕು.

ಇನ್ನು ಕೆಲಸ. ಹೊರಗಿನವರು ಜೈಲು ಎಂದರೆ ಲಾಠಿ, ಗಲಾಟೆ ಅಂದುಕೊಳ್ಳುತ್ತಾರೆ. ನಮ್ಮ ದಿನದ ಬಹುಪಾಲು ಹೋಗುವುದು ಎಣಿಕೆಯಲ್ಲಿ ಮತ್ತು ಕಾಗದದಲ್ಲಿ. ಬೆಳಿಗ್ಗೆ ಬ್ಯಾರಕ್ ತೆರೆಯುವಾಗ ಎಣಿಕೆ, ಸಂಜೆ ಬೀಗ ಹಾಕುವಾಗ ಎಣಿಕೆ. ಕೋರ್ಟಿಗೆ ಹೋದವರು, ಆಸ್ಪತ್ರೆಯಲ್ಲಿರುವವರು, ಅಂದು ಬಿಡುಗಡೆಯಾದವರು, ಹೊಸದಾಗಿ ಬಂದವರು ಎಲ್ಲರನ್ನೂ ಕೂಡಿ ಕಳೆದು ಪುಸ್ತಕದ ಲೆಕ್ಕಕ್ಕೆ ತಾಳೆಯಾಗಬೇಕು. ಒಬ್ಬನ ವ್ಯತ್ಯಾಸ ಬಂದರೂ ಪಾಳಿ ಮುಗಿದವರು ಗೇಟು ದಾಟುವಂತಿಲ್ಲ, ಮತ್ತೆ ಮೊದಲಿನಿಂದ ಎಣಿಸಬೇಕು.

ಬಿಡುಗಡೆಯ ಹೊತ್ತು ಇನ್ನೂ ಸೂಕ್ಷ್ಮ. ಸಂಜೆ ಜಾಮೀನು ಆದೇಶ ಬಂದಿರುತ್ತದೆ, ಹೊರಗೆ ಮನೆಯವರು ಕಾಯುತ್ತಿರುತ್ತಾರೆ, ವಕೀಲರು ಅವಸರ ಮಾಡುತ್ತಿರುತ್ತಾರೆ. ಆಗಲೂ ಹೆಸರು, ತಂದೆಯ ಹೆಸರು, ಊರು, ಪ್ರಕರಣದ ಸಂಖ್ಯೆ, ಮೈಮೇಲಿನ ಗುರುತು ಒಂದೊಂದನ್ನೂ ನೋಡಬೇಕು. ಒಂದೇ ಬ್ಯಾರಕ್‌ನಲ್ಲಿ ಇಬ್ಬರು ಮಂಜುನಾಥರಿರುವುದು ಸಾಮಾನ್ಯ. ಮತ್ತೊಂದು ಕೋರ್ಟಿನಿಂದ ಬಾಡಿ ವಾರಂಟ್, ಅಂದರೆ ಬೇರೆ ಪ್ರಕರಣದಲ್ಲಿ ಇವನನ್ನು ಹಾಜರುಪಡಿಸಿ ಎಂಬ ಆದೇಶ, ಇದೆಯೇ ಎಂದೂ ಹುಡುಕಬೇಕು. ತಪ್ಪು ಮನುಷ್ಯ ಹೊರಗೆ ಹೋದರೆ ಸಸ್ಪೆಂಡ್ ಆಗುವವರು ನಾವು. ಬಿಡಬೇಕಾದವನನ್ನು ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಂಡರೆ ಅದು ಅನ್ಯಾಯ. ನನ್ನ ಲೆಕ್ಕದಲ್ಲಿ ಎರಡೂ ಸಮ.

ದಯವಿಟ್ಟು ಒಂದು ಅಂಕಿ ನೆನಪಿಟ್ಟುಕೊಳ್ಳಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಬಂದಿಗಳಿದ್ದರು. ಅವರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನೀವು ಬೀಗ ಹಾಕುವ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಎಷ್ಟೋ ಜನ ಒಳಗಿರುವುದು ಶ್ಯೂರಿಟಿ ಕೊಡುವವರಿಲ್ಲದೆ. 2024ರ ಜುಲೈಯಿಂದ ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ, ಬೇರೆ ಪ್ರಕರಣಗಳೂ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಅರ್ಹನಾದವನ ಪರವಾಗಿ ಕೋರ್ಟಿಗೆ ಬರೆಯುವ ಹೊಣೆ ಕಾರಾಗೃಹದ ಅಧೀಕ್ಷಕರದ್ದು. ಅವರಿಗೆ ಪಟ್ಟಿ ಹೋಗಬೇಕಾದರೆ ಕೆಳಗೆ ದಿನ ಲೆಕ್ಕ ಹಾಕುವವರು ಬೇಕಲ್ಲ? ಕೋರ್ಟಿನ ಕಾಗದ ಓದಲು ಬರುವ ಪದವೀಧರರು ಇಲಾಖೆಗೆ ಬರಲಿ ಎಂದು ನಾನು ಆಸೆಪಡುವುದು ಇದಕ್ಕೇ.

2024ರ ಅಕ್ಟೋಬರ್ 3ರ ಸುಪ್ರೀಂ ಕೋರ್ಟ್ ತೀರ್ಪನ್ನೂ ತಿಳಿದುಕೊಂಡೇ ಬನ್ನಿ. ಜೈಲಿನೊಳಗೆ ಜಾತಿ ನೋಡಿ ಅಡುಗೆ ಕೆಲಸ, ಕಸ ಗುಡಿಸುವ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ, ದಾಖಲೆಯಲ್ಲಿ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ಆದೇಶ ದೆಹಲಿಯಿಂದ ಬಂದರೂ, ನಾಳೆ ಪೊರಕೆ ಯಾರ ಕೈಗೆ ಎಂದು ನಿರ್ಧಾರವಾಗುವುದು ಬ್ಯಾರಕ್‌ನಲ್ಲಿ, ನಿಮ್ಮ ಕಣ್ಣೆದುರೇ.

ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳುವುದು ಹೊಡೆದಾಟದ ಬಗ್ಗೆ ಅಲ್ಲ. ಸಣ್ಣ ಉಪಕಾರದ ಬಗ್ಗೆ. 'ಸಾರ್, ಮಗಳಿಗೆ ಜ್ವರ, ಮನೆಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿ' ಎಂದು ಒಬ್ಬ ಕೇಳುತ್ತಾನೆ. ಮಗಳಿಗೆ ನಿಜವಾಗಿಯೂ ಜ್ವರವಿರಬಹುದು. ನೀವು ನಿಮ್ಮ ಮೊಬೈಲಿನಿಂದ ಫೋನ್ ಮಾಡಿದರೆ ನಿಮ್ಮ ನಂಬರ್ ಅವರ ಮನೆಗೆ ಸಿಕ್ಕಿತು. ಮುಂದಿನ ವಾರ ಒಂದು ಕಟ್ಟು ಬೀಡಿ, ಆಮೇಲೆ ಒಂದು ಸಿಮ್, ಬೇಡವೆಂದರೆ 'ಅವತ್ತು ಫೋನ್ ಮಾಡಿದ್ದು ಸಾಹೇಬರಿಗೆ ಹೇಳಲಾ?' ಎಂಬ ಮಾತು. ಬಹಳ ಜನ ಕೆಲಸ ಕಳೆದುಕೊಂಡಿದ್ದು ಹೀಗೆ, ದೊಡ್ಡ ಲಂಚದಿಂದ ಅಲ್ಲ. ಹಾಗೆಂದು ಅವನನ್ನು ಗದರಿಸಿ ಕಳಿಸುವುದೂ ತಪ್ಪು. ಜೈಲಿನ ಫೋನ್ ಇದೆ, ಮನೆಯವರು ಬಂದು ಭೇಟಿಯಾಗುವ ಮುಲಾಖಾತ್ ಇದೆ, ಅರ್ಜಿ ಬರೆದುಕೊಡಬಹುದು. ಅದನ್ನು ಅಂದೇ ಮಾಡಿಸಿ. ಮಾಡಿಸುತ್ತೇನೆಂದು ಹೇಳಿ ಮರೆತರೆ ಆಮೇಲೆ ಬ್ಯಾರಕ್‌ನಲ್ಲಿ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಇನ್ನೂರು ಜನರ ನಡುವೆ ಬಂದೂಕಿಲ್ಲದೆ ಓಡಾಡುವವನಿಗೆ ಆ ಬೆಲೆಯೇ ರಕ್ಷಣೆ.

ರಾತ್ರಿ ಪಾಳಿಯ ಬಗ್ಗೆಯೂ ಹೇಳಬೇಕು. ಹೊಸದಾಗಿ ಬಂದ ಬಂದಿಯ ಮೊದಲ ಕೆಲವು ರಾತ್ರಿಗಳು ಅಪಾಯದವು. ಊಟ ಮುಟ್ಟದವನು, ಯಾರ ಜೊತೆಗೂ ಮಾತಾಡದವನು, ಇದ್ದ ಬಟ್ಟೆಬರೆ ಹಂಚಿಬಿಡುವವನು ಕಂಡರೆ ಗಸ್ತಿನಲ್ಲಿ ಅಲ್ಲಿ ಎರಡು ನಿಮಿಷ ನಿಲ್ಲಿ, ಊರು ಯಾವುದು ಅಂತ ಕೇಳಿ, ವೈದ್ಯರಿಗೆ ತಿಳಿಸಿ. ಜೈಲುಗಳಲ್ಲಿ ಅಸಹಜ ಸಾವುಗಳಿಗೆ ದೊಡ್ಡ ಕಾರಣ ಆತ್ಮಹತ್ಯೆಯೇ.

ಮಹಿಳಾ ವಿಭಾಗ ಮಹಿಳಾ ಸಿಬ್ಬಂದಿಯದು. ಅಲ್ಲಿ ಆರು ವರ್ಷದೊಳಗಿನ ಮಕ್ಕಳು ತಾಯಿಯ ಜೊತೆ ಇರುತ್ತಾರೆ, ಅವರ ಹಾಲು, ಲಸಿಕೆ, ಆಟ ಎಲ್ಲವನ್ನೂ ನೋಡಬೇಕು. ನಿಮ್ಮ ಅಕ್ಕತಂಗಿಯರು ಯಾರಾದರೂ ಪರೀಕ್ಷೆಗೆ ಓದುತ್ತಿದ್ದರೆ ಅವರಿಗೂ ತಿಳಿಸಿ.

ಮನೆಯವರ ಭಯ ಸುಳ್ಳಲ್ಲ. ಹಬ್ಬದ ದಿನ ರಜೆ ಸಿಗುವುದಿಲ್ಲ, ಸಿಬ್ಬಂದಿ ಯಾವಾಗಲೂ ಕಡಿಮೆ, ಒಳಗೆ ಟಿಬಿ, ತುರಿಕಜ್ಜಿ ಹರಡುತ್ತಿರುತ್ತದೆ. ಅದನ್ನೆಲ್ಲ ಅವರಿಗೆ ಮುಚ್ಚಿಡಬೇಡಿ. ಅರ್ಜಿ ಹಾಕುವ ಮುಂಚೆ ನಿಮ್ಮ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ, ಯಾರೂ ತಡೆಯುವುದಿಲ್ಲ. ಕಟಕಟೆಯಲ್ಲಿ ಬಂದು ನಿಲ್ಲುವ ಆರೋಪಿಗಳನ್ನು ನೋಡಿ. ಅವರ ಜೊತೆ ಪ್ರತಿದಿನ ಎಂಟು ಗಂಟೆ ಇರಬಲ್ಲೆ ಅನ್ನಿಸಿದರೆ ಅರ್ಜಿ ಹಾಕಿ.